ಜೋಡಿಗೆ ಉಳಿದದ್ದು

ನವನಗರ ದಾಟುತ್ತಿದ್ದಂತೆ ಗುರುಸಿದ್ಧ ಗಾಡಿಯ ಎಸಿ ಬಂದ್ ಮಾಡಿದ. ಮೇ ತಿಂಗಳ ಮಟಮಟ ಮಧ್ಯಾಹ್ನ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿ ಕಾದ ಹಂಚಿನಂತಾಗಿತ್ತು. ಮದುವೆ ಊಟಕ್ಕೆಂದು ಇಳಕಲ್ ಸೀರೆ ಉಟ್ಟು ಪಕ್ಕದಲ್ಲಿ ಕೂತಿದ್ದ ಶಾಂಭವಿ ಗಂಡನ ಮುಖ ನೋಡಿದಳು.

“ಯಾಕ್ರಿ, ಕೆಟ್ಟತೇನು?”

“ಕೆಟ್ಟಿಲ್ಲ. ಹಿಂಗ ಹಚ್ಚಿಕೊಂಡು ಹೋದ್ರ ನಸಿಕಿನ್ಯಾಗ ಅವರಿಗೆ ಕಡಿಮಿ ಬೀಳತೈತಿ.”

ಗಾಜು ಇಳಿಸಿದರೆ ಬಿಸಿಗಾಳಿ, ಏರಿಸಿದರೆ ಉಬ್ಬೆ. ಶಾಂಭವಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಧಾರವಾಡ ಮುಟ್ಟುವವರೆಗೂ ‘ಅವರಿಗೆ’ ಎಂಬ ಆ ಒಂದೇ ಮಾತು ಅವಳ ಕಿವಿಯಲ್ಲಿ ಕುಟುಕುತ್ತಿತ್ತು.

ಆ ಹೊತ್ತಿಗೆ ಅವಳಿ ನಗರದಲ್ಲಿ ಜೋಡಿ ಪದ್ಧತಿ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಪೆಟ್ರೋಲ್ ಗಾಡಿಗಳು ಹೋಗಿ ಕರೆಂಟಿನ ಗಾಡಿಗಳೇ ಊರು ತುಂಬಿದ ಕಾಲದಲ್ಲಿ, ಸಂಜೆಯಾದರೆ ಸಾಕು, ಗಲ್ಲಿಗೊಂದು ಜಗಳ. ಎಲ್ಲರೂ ಮನೆಗೆ ಬಂದವರೇ ಗೋಡೆಯ ಪೆಟ್ಟಿಗೆಗೆ ಗಾಡಿಯ ತಂತಿ ಸಿಕ್ಕಿಸುತ್ತಿದ್ದರು. ಮನೆಯಲ್ಲಿ ಜಾಗವಿಲ್ಲದವರು ಬೀದಿಯ ಚಾರ್ಜಿಂಗ್ ಕಂಬದ ಮುಂದೆ ಪಾಳಿ ಹಚ್ಚುತ್ತಿದ್ದರು. ಒಬ್ಬರ ತಂತಿ ಇನ್ನೊಬ್ಬರು ಕಿತ್ತೆಸೆದು ಬಡಿದಾಡಿದ್ದೂ ಉಂಟು. ಅಷ್ಟರಲ್ಲಿ ಎಲ್ಲೋ ಟ್ರಾನ್ಸ್‌ಫಾರ್ಮರ್ ಸಿಡಿದು ಇಡೀ ಓಣಿ ಕತ್ತಲಾಗುತ್ತಿತ್ತು.

ಊರಿಗೆ ಬೇಕಾದಷ್ಟು ಕರೆಂಟು ಇತ್ತು. ಎಲ್ಲರೂ ಒಂದೇ ಹೊತ್ತಿಗೆ ಕೈಚಾಚುತ್ತಿದ್ದುದೇ ತೊಂದರೆ. ಒಬ್ಬ ಹಗಲು ಓಡಾಡಿದರೆ ಇನ್ನೊಬ್ಬ ರಾತ್ರಿ ಓಡಾಡುತ್ತಾನೆ. ಒಂದು ಗಾಡಿ ಓಡುವಾಗ ಇನ್ನೊಂದು ತುಂಬಿದ ಕೊಡದಂತೆ ಸುಮ್ಮನೆ ನಿಂತಿರುತ್ತದೆ. ಹಾಗಿದ್ದರೆ ಎರಡಕ್ಕೂ ಸೇರಿ ಒಂದೇ ಪಾಲು ಕೊಟ್ಟರೆ ಏನಾದೀತು? ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು ಜೋಡಿ ಪದ್ಧತಿ. ಗಣಕಯಂತ್ರ ಪ್ರತಿ ಗಾಡಿಯ ದಿನಚರಿಯನ್ನು ಮೂರು ತಿಂಗಳು ನೋಡಿ, ಅದಕ್ಕೆ ತದ್ವಿರುದ್ಧವಾದ ದಿನಚರಿಯ ಇನ್ನೊಂದು ಗಾಡಿಯನ್ನು ಹುಡುಕಿ ಗಂಟು ಹಾಕುತ್ತಿತ್ತು. ಒಂದು ಗಾಡಿ ಮನೆಯಲ್ಲೋ ಬೀದಿಯ ಕಂಬಕ್ಕೋ ತಂತಿ ಸಿಕ್ಕಿಸಿ ನಿಂತರೆ, ತಾನು ಬಳಸದೆ ಉಳಿಸಿದ್ದನ್ನು ಲೈನಿಗೆ ಬಿಡುತ್ತಿತ್ತು; ಅಷ್ಟನ್ನೇ ಅದರ ಜೋಡಿ ಊರಿನ ಇನ್ನೊಂದು ಮೂಲೆಯಲ್ಲಿ ಎಳೆದುಕೊಳ್ಳುತ್ತಿತ್ತು. ಯಾರಿಗೆ ಯಾರು ಜೋಡಿ ಎಂಬುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಗಾಡಿಯ ಪರದೆಯ ಮೇಲೆ ಒಂದು ಹಸಿರು ಗೆರೆ, ಅದರ ಕೆಳಗೆ ‘ಜೋಡಿಗೆ ಉಳಿದದ್ದು’ ಎಂಬ ಎರಡು ಪದ. ಅಷ್ಟೇ.

ಟ್ರಾನ್ಸ್‌ಫಾರ್ಮರ್ ಸಿಡಿಯುವುದು ನಿಂತಿತು. ಆದರೆ ಜನ ಜನವೇ. ಕಾಣದ ಜೋಡಿಯನ್ನು ಬೈಯುವುದು, ಹೊಗಳುವುದು ಶುರುವಾಯಿತು. “ನಮ್ಮ ಜೋಡಿ ಬಕಾಸುರ” ಎಂದು ಒಬ್ಬರು, “ನಮ್ಮದು ದೇವರಂಥಾದ್ದು” ಎಂದು ಇನ್ನೊಬ್ಬರು. ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಇದೇ ಮಾತು. ಎರಡನೆಯ ವರ್ಷಕ್ಕೆ ಒಂದು ಹೊಸ ರೂಢಿಯೂ ಬಂತು. ದಸರೆಯ ದಿನ ಬನ್ನಿ ಹಂಚಿಕೊಳ್ಳುವ ಹಾಗೆ ಅಂದು ಗಾಡಿಯನ್ನು ಆದಷ್ಟು ಕಡಿಮೆ ಓಡಿಸಿ ಜೋಡಿಗೆ ಹೆಚ್ಚಿಗೆ ಬಿಡುವುದು. ಅದಕ್ಕೆ ಜನ ಬನ್ನಿ ಯೂನಿಟ್ ಎಂದೇ ಹೆಸರಿಟ್ಟರು.

ಶಾಂಭವಿ ಜೋಡಿ ಕೇಂದ್ರದಲ್ಲೇ ಇಂಜಿನಿಯರ್. ಹೊಂದಿಕೆಯಾಗದ ಜೋಡಿಗಳ ದೂರು ನೋಡಿ, ಸರಿಯೆನಿಸಿದರೆ ಬಿಡಿಸುವುದು ಅವಳ ಕೆಲಸ. ಗಾಡಿ ಗಂಡನದು. ಗುರುಸಿದ್ಧ ಅಪಾರ್ಟ್‌ಮೆಂಟುಗಳ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಹುಬ್ಬಳ್ಳಿ, ಧಾರವಾಡ ಎಂದು ಸುತ್ತಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದ.

ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಆದರೆ ಹಸಿ ಟವೆಲ್ಲು ಹಾಸಿಗೆಯ ಮೇಲೆ, ಉಂಡ ತಾಟು ಉಂಡಲ್ಲೇ. ಬುಟ್ಟಿಯಲ್ಲಿ ಉಳಿದ ಕೊನೆಯ ರೊಟ್ಟಿಗೆ ಕೈಹಾಕುವಾಗ “ನಿನಗೈತೇನು?” ಎಂದು ಕೇಳಿದವನಲ್ಲ. ಹದಿನಾರು ವರ್ಷದಲ್ಲಿ ಶಾಂಭವಿ ಇದಕ್ಕೆ ಒಗ್ಗಿಹೋಗಿದ್ದಳು. ಗಂಡಸರ ಜಾತಿಯೇ ಹೀಗೆ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಆ ಸಮಾಧಾನ ಈಗ ಹೋಯಿತು. ಅವಳ ಕಣ್ಣೆದುರಿಗೇ ಅವನು ಬೇರೆಯೇ ಮನುಷ್ಯನಾಗಿದ್ದ. ಸಿಗ್ನಲ್ಲಿನಲ್ಲಿ ಮೆತ್ತಗೆ ಬ್ರೇಕ್ ಹಾಕುತ್ತಿದ್ದ, ಹತ್ತಿರದ ಕೆಲಸಕ್ಕೆ ನಡೆದೇ ಹೋಗುತ್ತಿದ್ದ. ಮನೆಗೆ ಬಂದು ತಂತಿ ಸಿಕ್ಕಿಸಿದ ಮೇಲೂ ಪರದೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ, ಮಕ್ಕಳು ಮಲಗಿದವೋ ಇಲ್ಲವೋ ಎಂದು ನೋಡುವವರ ಹಾಗೆ. ಇವರಿಗೆ ಮಕ್ಕಳಿರಲಿಲ್ಲ.

“ಅವ್ವಾ, ಇವತ್ತ ನೋಡು, ಬೇಕಾಗಿದ್ದಕ್ಕಿಂತ ಹೆಚ್ಚಿಗಿ ಬಿಟ್ಟಾರ,” ಎನ್ನುತ್ತ ಬೆಳಿಗ್ಗೆ ಒಳಗೆ ಬರುತ್ತಿದ್ದ.

“ಯಾರೋ ಪುಣ್ಯವಂತರು,” ಎನ್ನುತ್ತಿದ್ದರು ಅತ್ತೆ ಬಸಲಿಂಗವ್ವ. “ಅವರ ಹೊಟ್ಟಿ ತಣ್ಣಗಿರಲಿ.”

ಶಾಂಭವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಜೋರಾಯಿತು. ಅದನ್ನು ಇಬ್ಬರೂ ಗಮನಿಸಲಿಲ್ಲ.

ಗಣೇಶನ ಹಬ್ಬ ಮುಗಿದ ಮೇಲೆ ಕೇಂದ್ರದಲ್ಲಿ ಹೊಸದಾಗಿ ಸೇರಿದವರಿಗೆ ತರಬೇತಿ ಇತ್ತು. ಅವಳ ಮೇಲಧಿಕಾರಿ ಪಾಂಡುರಂಗ ದೇಸಾಯಿ ದೊಡ್ಡ ಪರದೆಯ ಮೇಲೆ ಒಂದು ನಕ್ಷೆ ಹಾಕಿದರು. ಎರಡು ಗೆರೆ. ಒಂದು ಏರಿದಲ್ಲಿ ಇನ್ನೊಂದು ಇಳಿದಿತ್ತು. ಎರಡು ಕೈಯ ಬೆರಳುಗಳು ಹೆಣೆದುಕೊಂಡ ಹಾಗೆ.

“ಇದು ನಮ್ಮ ಊರಾಗ ಎಲ್ಲಾಕ್ಕಿಂತ ಛಲೋ ಜೋಡಿ,” ಎಂದರು ದೇಸಾಯರು. “ಎರಡು ವರ್ಷದಾಗ ಒಂದು ದೂರಿಲ್ಲ. ಇವರು ಒಂದಿನ ಹೆಚ್ಚಿಗೆ ಬಿಟ್ರ ಮರುದಿನ ಅವರು ಅದಕ್ಕಿಂತ ಹೆಚ್ಚಿಗೆ ಬಿಡ್ತಾರ. ಯಂತ್ರ ಇದನ್ನ ಹೇಳಿಕೊಟ್ಟಿಲ್ಲ ನೋಡ್ರಿ, ತಾವ ಕಲತದ್ದು. ಗಂಡ ಹೆಂಡ್ತಿ ಸುದ್ದಾ ಹಿಂಗ ಇರಂಗಿಲ್ಲ.”

ಎಲ್ಲರೂ ನಕ್ಕರು. ನಕ್ಷೆಯಲ್ಲಿ ಹೆಸರಿರಲಿಲ್ಲ, ಆದರೆ ಶಾಂಭವಿಗೆ ಹೆಸರು ಬೇಕಿರಲಿಲ್ಲ. ಹಗಲಿನ ಗೆರೆ ಹತ್ತಕ್ಕೆ ಏಳುತ್ತಿತ್ತು, ಭಾನುವಾರ ಮಲಗಿರುತ್ತಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ, ಧಾರವಾಡದ ಹಾದಿಯ ಅರ್ಧದಲ್ಲಿ, ಅದು ಇದ್ದಕ್ಕಿದ್ದಂತೆ ಒಂದಿಷ್ಟು ತಗ್ಗಿತ್ತು. ಅವಳು ಬೆವರಿದ್ದು ಅಲ್ಲಿ ಒಂದು ಸಣ್ಣ ತಗ್ಗಾಗಿ ಕಾಣುತ್ತಿತ್ತು. ಅದರ ಎದುರಿಗೆ, ಮರುದಿನದ ನಸುಕಿನಲ್ಲಿ, ಇನ್ನೊಂದು ಗೆರೆ ಆ ಉಪಕಾರ ತೀರಿಸಿತ್ತು.

ಸಿಬ್ಬಂದಿಯವರು ತಮ್ಮ ಮನೆಯ ಗಾಡಿಯ ಜೋಡಿಯನ್ನು ನೋಡಬಾರದು ಎಂಬುದು ಕೇಂದ್ರದ ಕಟ್ಟುನಿಟ್ಟು ನಿಯಮ. ಎಲ್ಲರೂ ಊಟಕ್ಕೆ ಹೋದಾಗ ಶಾಂಭವಿ ನೋಡಿದಳು. ದಾನೇಶ್ವರಿ ಶಿರೂರ. ವಯಸ್ಸು ಮೂವತ್ತೊಂಬತ್ತು. ಸಣ್ಣ ಟೆಂಪೊ. ನಸುಕಿನಲ್ಲಿ ಅಮರಗೋಳದ ಮಾರುಕಟ್ಟೆಯಿಂದ ಕಾಯಿಪಲ್ಯ ತುಂಬಿಕೊಂಡು ಧಾರವಾಡದ ಹಾಸ್ಟೆಲ್ಲುಗಳಿಗೆ ಮುಟ್ಟಿಸುವ ಕೆಲಸ. ಹೆಣ್ಣೋ ಗಂಡೋ ತಿಳಿಯದಂಥ ಹೆಸರಾದರೂ ಇದ್ದಿದ್ದರೆ! ಆ ಹೆಸರನ್ನು ಅವಳು ಮತ್ತೊಮ್ಮೆ ಓದಿದಳು.

ಆಮೇಲೆ ದಿನಾ ನೋಡತೊಡಗಿದಳು. ದಾನೇಶ್ವರಿಯ ಗಾಡಿ ಎಷ್ಟಕ್ಕೆ ಎದ್ದಿತು, ಎಲ್ಲಿ ನಿಂತಿತು, ಎಷ್ಟು ಉಳಿಸಿತು. ಅವರಿಬ್ಬರೂ ಎಲ್ಲಾದರೂ ಒಂದೇ ಕಂಬದ ಹತ್ತಿರ ನಿಂತದ್ದುಂಟೋ ಎಂದು ಎರಡು ವರ್ಷದ ಲೆಕ್ಕವನ್ನೆಲ್ಲ ಜಾಲಾಡಿದಳು. ಒಮ್ಮೆಯೂ ಇಲ್ಲ. ಅವರು ಭೇಟಿಯಾಗಿರಲಿಲ್ಲ, ಮಾತಾಡಿರಲಿಲ್ಲ, ಒಬ್ಬರಿಗೊಬ್ಬರ ಹೆಸರು ಗೊತ್ತಿರಲಿಲ್ಲ. ಭೇಟಿಯಾಗಿದ್ದರೇ ಚೆನ್ನಾಗಿತ್ತು ಎನಿಸಿತು ಶಾಂಭವಿಗೆ. ಆಗ ಜಗಳ ತೆಗೆಯಬಹುದಿತ್ತು, ಅಳಬಹುದಿತ್ತು, ತವರಿಗೆ ಹೋಗಿ ಹೇಳಿಕೊಳ್ಳಬಹುದಿತ್ತು. ಈಗ ಏನೆಂದು ಹೇಳುವುದು? ನನ್ನ ಗಂಡ ಯಾರಿಗೋ ಕರೆಂಟು ಉಳಿಸುತ್ತಾನೆ ಎಂದೇ?

ದಸರೆ ಬಂತು. ಬನ್ನಿ ಕೊಡಲು ಪ್ರತಿ ವರ್ಷ ಕಲಘಟಗಿಯಲ್ಲಿದ್ದ ಶಾಂಭವಿಯ ತಂಗಿಯ ಮನೆಗೆ ಮೂವರೂ ಗಾಡಿಯಲ್ಲಿ ಹೋಗುವುದು ವಾಡಿಕೆ. ಅವಳು ತಯಾರಾಗಿ ಹೊರಗೆ ಬಂದರೆ ಗುರುಸಿದ್ಧ ಚಪ್ಪಲಿ ಮೆಟ್ಟಿ ನಿಂತಿದ್ದ.

“ಬಸ್ಸಿಗೆ ಹೋಗೂಣು. ಹಬ್ಬದ ದಿನ, ಗಾಡಿ ಹೊರಗ ತಗಿಯೂದು ಬ್ಯಾಡ.”

“ಬನ್ನಿ ಯೂನಿಟ್ಟೇನು?”

“ಹ್ಞೂಂ. ಎಲ್ಲಾರೂ ಬಿಡ್ತಾರಲ್ಲ.”

“ಬಸ್ಸಿನ್ಯಾಗ ಇವತ್ತ ಕಾಲಿಡಾಕ ಜಾಗಾ ಇರಂಗಿಲ್ಲ. ಅತ್ತಿಯಾರ ಮಣಕಾಲು ನೋಡೀರೇನು? ಅವರ ಮಣಕಾಲಿಗಿಂತ ಅಕಿ ಹೆಚ್ಚಾದ್ಲೇನು?”

ಗುರುಸಿದ್ಧ ತಿರುಗಿ ನೋಡಿದ. “ಅಕಿ ಯಾರು?”

ಶಾಂಭವಿ ತುಟಿ ಕಚ್ಚಿದಳು. ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. “ಯಾರೋ ಒಬ್ಬರು. ನಿಮ್ಮ ಅವರು,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ವರ್ಷ ಅವರು ತಂಗಿಯ ಮನೆಗೆ ಹೋಗಲೇ ಇಲ್ಲ. ಸಂಜೆ ಬಸಲಿಂಗವ್ವನೇ ಸೊಸೆಯ ಕೈಯಲ್ಲಿ ಬನ್ನಿ ಎಲೆ ಇಟ್ಟು, “ಬಂಗಾರದಂಗ ಇರೂಣು ಯವ್ವಾ,” ಎಂದರು. ಶಾಂಭವಿ ಅವರ ಕಾಲು ಮುಟ್ಟಿದಳು.

ರಜೆ ಮುಗಿದು ಕೆಲಸಕ್ಕೆ ಹೋದ ಮೊದಲ ದಿನವೇ ಅವಳು ಗಂಡನ ಹೆಸರಿನಲ್ಲಿ ಒಂದು ದೂರು ಬರೆದಳು: ‘ಹೊಂದಾಣಿಕೆ ಇಲ್ಲ.’ ಅದನ್ನು ತಾನೇ ಒಪ್ಪಿದಳು. ಯಂತ್ರ ಒಮ್ಮೆ ಕೇಳಿತು, ಬಿಡಿಸಲೇ ಎಂದು. ಬಿಡಿಸಿದ ಜೋಡಿಯನ್ನು ಕೈಯಿಂದ ಮತ್ತೆ ಕೂಡಿಸಲು ಬರುವುದಿಲ್ಲ ಎಂದೂ ಎಚ್ಚರಿಸಿತು. ಅವಳು ಬೆರಳೊತ್ತಿದಳು. ದೊಡ್ಡ ಪರದೆಯ ಮೇಲೆ ಸಾವಿರಾರು ಜೋಡಿಗಳು ಮಿನುಗುತ್ತಿದ್ದವು. ಅವುಗಳಲ್ಲಿ ಒಂದು ಬೇರೆಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅಂದು ಅವಳು ಮನೆಗೆ ಹೋಗುವ ದಾರಿಯಲ್ಲಿ ಇಳಿದು ಮಿಠಾಯಿ ಕೊಂಡಳು. ಯಾಕೆಂದು ಅತ್ತೆ ಕೇಳಿದರೆ, “ಸುಮ್ಮನ, ತಿನಬೇಕನಿಸ್ತು,” ಎಂದಳು.

ಗುರುಸಿದ್ಧನಿಗೆ ಬಂದ ಹೊಸ ಜೋಡಿ ಒಬ್ಬ ಉಡಾಳ. ಬೆಳಿಗ್ಗೆ ನೋಡಿದರೆ ಹಸಿರು ಗೆರೆ ಕಡ್ಡಿಯಷ್ಟು ಉಳಿದಿರುತ್ತಿತ್ತು. ಮೊದಲ ವಾರ ಗುರುಸಿದ್ಧ, “ಅವರಿಗೆ ಏನರ ತ್ರಾಸ ಇರಬೇಕು,” ಎನ್ನುತ್ತ ಇನ್ನೂ ಹೆಚ್ಚು ಉಳಿಸಿದ. ಎರಡನೆಯ ವಾರ ಕೇಂದ್ರದಿಂದ ಬಂದ ಸೂಚನೆ ನೋಡಿದ: ಜೋಡಿ ಬದಲಾಗಿದೆ.

“ನಾ ಏನೂ ದೂರು ಕೊಟ್ಟಿಲ್ಲ,” ಎಂದ ಹೆಂಡತಿಗೆ. “ಅವರ ಕೊಟ್ಟಿರಬೇಕು. ನಾ ಎಲ್ಲಿ ತಪ್ಪಿದ್ನೋ.”

“ಇರಬಹುದು,” ಎಂದಳು ಶಾಂಭವಿ, ಬೇಳೆ ಆರಿಸುತ್ತ.

ಅವನು ಮೆಲ್ಲಗೆ ಹಳೆಯ ಗುರುಸಿದ್ಧನಾದ. ಸಿಗ್ನಲ್ಲಿನಲ್ಲಿ ಧಡಕ್ಕನೆ ಬ್ರೇಕ್, ಹತ್ತು ಹೆಜ್ಜೆಯ ಕೆಲಸಕ್ಕೂ ಗಾಡಿ. ಭಾನುವಾರ ಅವಳನ್ನು ಕೂರಿಸಿಕೊಂಡು ಉಣಕಲ್ ಕೆರೆಯ ಕಡೆ ಹೋದಾಗ ಎಸಿ ಚಳಿ ಹುಟ್ಟುವಷ್ಟು ಹಚ್ಚಿದ್ದ. ಅವಳಿಗೆ ಬೇಕಾದದ್ದು ಅದೇ ಅಲ್ಲವೇ? ಆದರೆ ಅವನು ಅದನ್ನು ಅವಳಿಗಾಗಿ ಹಚ್ಚಿರಲಿಲ್ಲ. ಯಾರಿಗೂ ಉಳಿಸಬೇಕಾಗಿಲ್ಲವೆಂದು ಹಚ್ಚಿದ್ದ. ಅದು ಅವಳಿಗೆ ತಿಳಿಯಿತು, ತಿಳಿದು ಇನ್ನಷ್ಟು ಸಿಟ್ಟು ಬಂತು. ಹೋದಮೇಲೂ ದಾನೇಶ್ವರಿಯೇ ಗೆದ್ದಳಲ್ಲ ಎಂದುಕೊಂಡಳು.

ದಾನೇಶ್ವರಿಯ ಗೆರೆಯನ್ನು ನೋಡುವ ಚಟ ಮಾತ್ರ ಬಿಡಲಿಲ್ಲ. ಆ ಕಡೆಗೂ ಒಬ್ಬ ಹೀರುವ ಜೋಡಿಯೇ ಬಿದ್ದಿತ್ತು. ಎರಡು ಸಲ ಟೆಂಪೊ ಬೈಪಾಸಿನ ನಡುವೆ ನಿಂತುಹೋದದ್ದು ಪರದೆಯ ಮೇಲೆ ಒಂದು ಕೆಂಪು ಚುಕ್ಕೆಯಾಗಿ ಕಂಡಿತು. ಮೊದಲ ಸಲ ಶಾಂಭವಿಗೆ ಒಳಗೊಳಗೇ ಹಿಗ್ಗಾಯಿತು. ಎರಡನೆಯ ಸಲ ಆಗಲಿಲ್ಲ. ಆ ಚುಕ್ಕೆ ಬೆಳಕು ಹರಿದು ಬಿಸಿಲೇರುವವರೆಗೂ ಅಲ್ಲೇ ಇತ್ತು. ಇಷ್ಟಾದರೂ ಆ ಹೆಂಗಸು ತನ್ನ ಹೊಸ ಜೋಡಿಗೆ ದಿನಾ ಒಂದಿಷ್ಟು ಉಳಿಸುವುದನ್ನು ನಿಲ್ಲಿಸಿರಲಿಲ್ಲ. ಶಾಂಭವಿಗೆ ಅದನ್ನು ತಾಳಲಾಗಲಿಲ್ಲ. ಇವಳು ಯಾರು, ಹೇಗಿದ್ದಾಳೆ ಎಂದು ಒಮ್ಮೆ ಕಣ್ಣಾರೆ ನೋಡಲೇಬೇಕೆನಿಸಿತು.

ಡಿಸೆಂಬರಿನ ಒಂದು ಬೆಳಿಗ್ಗೆ ರಜೆ ಹಾಕಿ ಬಸ್ಸಿಗೆ ಅಮರಗೋಳಕ್ಕೆ ಹೋದಳು. ಮಾರುಕಟ್ಟೆಯ ಹೊರಗಿನ ಚಾರ್ಜಿಂಗ್ ಅಂಗಳದಲ್ಲಿ ಗಾಡಿಗಳು ಸಾಲಾಗಿ ತಂತಿ ಕಚ್ಚಿಕೊಂಡು ನಿಂತಿದ್ದವು. ಟೆಂಪೊದ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಅದರ ನೆರಳಿನಲ್ಲಿ ಖಾಲಿ ಟ್ರೇ ಬೋರಲು ಹಾಕಿ ಕೂತು, ತಲೆಗೆ ಟವೆಲ್ಲು ಸುತ್ತಿಕೊಂಡ ದಪ್ಪನೆಯ ಹೆಂಗಸೊಬ್ಬಳು ಅವಲಕ್ಕಿ ತಿನ್ನುತ್ತಿದ್ದಳು. ಮೂಗುತಿ, ಒಡೆದ ಹಿಮ್ಮಡಿ, ಅಂಗೈಗೆ ಹತ್ತಿದ ಮೆಂತ್ಯದ ಹಸಿರು. ಶಾಂಭವಿ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹೆಂಗಸು ಇವಳಾಗಿರಲಿಲ್ಲ.

“ಜೋಡಿ ಕೇಂದ್ರದಿಂದ ಬಂದೀನಿ. ತ್ರಾಸ ಏನರ ಐತೇನು ಕೇಳಾಕ,” ಎಂದಳು.

“ಈಗ ನೆನಪಾತೇನ್ರಿ ನಿಮಗ?” ದಾನೇಶ್ವರಿ ಇನ್ನೊಂದು ಟ್ರೇ ಎಳೆದು ಕೊಟ್ಟಳು. “ಕುಂದರ್ರಿ ಅಕ್ಕಾರ. ಈ ಹೊಸಾ ಜೋಡಿ ಇದ್ದಷ್ಟೂ ಹೀರಿ ಇಡ್ತೈತಿ. ಬೈಪಾಸಿನ್ಯಾಗ ಎರಡ ಸಲ ನಿಂತೆ. ಕೊತ್ತಂಬ್ರಿ ಒಣಗಿ ಕಸಾ ಆತು. ಒಂದ ಹಾಸ್ಟೆಲ್ಲಿನವರು ಬ್ಯಾರೆಯವರ ಕಡೆ ತಗೊಳ್ಳಾಕ ಹತ್ಯಾರ.”

“ಮೊದಲಿನ ಜೋಡಿ ಹೆಂಗಿತ್ತು?”

ದಾನೇಶ್ವರಿ ಅವಲಕ್ಕಿಯ ಕಾಗದ ಮಡಚಿದಳು. “ಅಕಿ ಬಂಗಾರದಂಥಾಕಿ ಇದ್ಲರಿ.”

“ಅಕಿ?”

“ಹೆಣ್ಣಮಗಳ ಇರಬೇಕು. ಗಂಡಸರಿಗೆ ಅಷ್ಟು ತಿಳಿವಳಿಕಿ ಎಲ್ಲಿಂದ ಬರಬೇಕ್ರಿ? ಒಮ್ಮೆ ನಾ ಜ್ವರಾ ಬಂದು ಮಲಗಿದ್ದೆ, ಗಾಡಿ ತಗದಿದ್ದಿಲ್ಲ. ಮರುದಿನ ಬಂದು ನೋಡ್ತೇನಿ, ನಂದು ನನಗ ಹಂಗ ಇಟ್ಟಾಳ. ಮುಟ್ಟಿಲ್ಲ. ಮನ್ಯಾಗ ಯಾರೂ ನನಗ ಉಂಡಿಯೇನು ಅಂತ ಕೇಳಂಗಿಲ್ಲ. ನಸಿಕಿನ್ಯಾಗ ಗಾಡಿ ಚಾಲೂ ಮಾಡಿದ್ರ ಆ ಹಸರ ಗೆರಿ ಕೇಳಿದಂಗ ಆಗ್ತಿತ್ತು. ನಾ ಮನಸಿನ್ಯಾಗ ಅಕ್ಕಾ ಅಂತಿದ್ದೆ.” ಅವಳು ನಕ್ಕಳು, ನಾಚಿದಂತೆ. “ಏನ್ ತಪ್ಪ ಮಾಡಿದ್ನೋ, ಬಿಟ್ಟು ಹೋದ್ಲು. ಈಗ ಬ್ಯಾರೆ ಯಾರಿಗೋ ಉಳಸಾಕ ಹತ್ತಿರ್ತಾಳ. ನೆನಸಿಕೊಂಡ್ರ ಹೊಟ್ಟಿ ಉರೀತೈತ್ರಿ. ನಗಬ್ಯಾಡ್ರಿ.”

ಶಾಂಭವಿ ನಗಲಿಲ್ಲ. ತನ್ನ ಒಳಗನ್ನು ಯಾರೋ ಹೊರಗಿಟ್ಟು ತೋರಿಸಿದಂತಾಯಿತು. ಎದ್ದು ಹೋಗಿಬಿಡಬಹುದಿತ್ತು, ಬಸ್ಸು ಅಲ್ಲೇ ನಿಂತಿತ್ತು.

“ಅಕಿ ಅಲ್ಲ,” ಎಂದಳು. “ನನ್ನ ಗಂಡ. ದೂರು ಅವರು ಕೊಟ್ಟದ್ದಲ್ಲ. ನಿಮ್ಮನ್ನ ಬಿಡಿಸಿದಾಕಿ ನಾನ.”

ದಾನೇಶ್ವರಿ ತಲೆಯ ಟವೆಲ್ಲು ಬಿಚ್ಚಿ ಕೈ ಒರೆಸಿಕೊಂಡಳು.

“ಗಂಡಸರೇನು,” ಎಂದಳು ಕೊನೆಗೆ. “ಮನ್ಯಾಗೂ ಅವರು ಹಂಗ ಅದಾರೇನ್ರಿ?”

ಸುಳ್ಳು ಹೇಳಬೇಕೆಂದು ಶಾಂಭವಿಯ ನಾಲಿಗೆಯ ತುದಿಗೆ ಬಂದಿತ್ತು. “ಇಲ್ಲ,” ಎಂದಳು.

“ಹಂಗಾರ ನಿಮಗ ಸಿಗಲಾರದ್ದು ನನಗ ಸಿಕ್ಕತಿ ಅಂತ ಕಿತ್ತುಗೊಂಡ್ರಿ. ಕಿತ್ತುಗೊಂಡ ಮ್ಯಾಲರ ನಿಮಗ ಸಿಕ್ಕತೇನು?”

ಶಾಂಭವಿ ತಲೆಯಲ್ಲಾಡಿಸಿದಳು.

“ಮತ್ತ?” ದಾನೇಶ್ವರಿ ಎದ್ದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು, ಅದನ್ನು ಸಹಿಸುವುದು ಶಾಂಭವಿಗೆ ಕಷ್ಟವಾಯಿತು. ಕಂಬದಿಂದ ತಂತಿ ಕಿತ್ತು ಸುತ್ತಿಟ್ಟು, ದಾನೇಶ್ವರಿ ಟೆಂಪೊ ಹತ್ತಿದಳು. ತಿರುಗಿ ನೋಡಲಿಲ್ಲ.

ಆ ಸಂಜೆ ಬಸಲಿಂಗವ್ವ ಮಠಕ್ಕೆ ಹೋಗಿದ್ದರು. ಗುರುಸಿದ್ಧ ಬಂದು ಪಡಸಾಲೆಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದಾಗ ಶಾಂಭವಿ ಚಹಾ ಇಟ್ಟು, ನಿಂತೇ ಎಲ್ಲವನ್ನೂ ಹೇಳಿದಳು. ನಕ್ಷೆ ನೋಡಿದ್ದು, ಹೆಸರು ಹುಡುಕಿದ್ದು, ಅವನ ಹೆಸರಿನಲ್ಲಿ ದೂರು ಬರೆದದ್ದು, ಅಮರಗೋಳಕ್ಕೆ ಹೋದದ್ದು. ಅವನು ಒಂದು ಬೂಟು ಕೈಯಲ್ಲಿ ಹಿಡಿದೇ ಕೇಳಿದ.

“ಅವರು ಹೆಣ್ಣಮಗಳೇನು?”

“ನಿಮಗ ಗೊತ್ತಿದ್ದಿಲ್ಲೇನು?”

“ಯಾರಂತ ನಾ ವಿಚಾರನ ಮಾಡಿದ್ದಿಲ್ಲ.” ಬೂಟು ಕೆಳಗಿಟ್ಟ. “ಅವರ ಧಂಧೆ ಹಾಳ ಮಾಡಿಟ್ಟಿ ಶಾಂಭವಿ. ನಾಳೆ ದೇಸಾಯರ ಮುಂದ ಹೋಗಿ ಹೇಳು. ನೀ ಹೇಳಲಿಲ್ಲಂದ್ರ ನಾ ಹೇಳ್ತೇನಿ.”

“ಹೇಳ್ತೇನಿ.” ಅವಳು ಪಡಸಾಲೆಯ ಕಂಬಕ್ಕೆ ಒರಗಿದಳು. “ನೀವು ಒಂದ ಮಾತು ಹೇಳ್ರಿ. ಯಾರಂತ ಗೊತ್ತಿಲ್ಲದವರಿಗೆ ಇಷ್ಟು ಮಾಡಿದ್ರಿ. ನನಗ ಯಾಕ ಒಂದಿನಾನೂ ಮಾಡಲಿಲ್ಲ?”

ಚಹಾ ಆರಿತು. ಅವನು ಇನ್ನೊಂದು ಬೂಟನ್ನೂ ಬಿಚ್ಚಿ ಬದಿಗಿಟ್ಟ.

“ಅವರು ನೋಡತಿದ್ದಿಲ್ಲ,” ಎಂದ ಗುರುಸಿದ್ಧ. “ನೀ ನೋಡ್ತಿ. ನಾ ಏನರ ಮಾಡಾಕ ಹೋದ್ರ, ಇವತ್ತ ಸೂರ್ಯ ಯಾವ ಕಡೆ ಹುಟ್ಯಾನ ಅಂತ ನಗ್ತಿ. ಅವ್ವನೂ ನಗ್ತಾಳ. ನನಗ ಕೈಕಾಲ ಆಡಂಗಿಲ್ಲ.”

ಹಾಗೆಂದು ಎದ್ದು ಹಿತ್ತಿಲಿಗೆ ಹೋದ. ಶಾಂಭವಿಗೆ ಎಂದೋ ಮರೆತ ಒಂದು ಸಂಜೆ ನೆನಪಾಯಿತು. ಮದುವೆಯಾದ ಮರುವರ್ಷ ಅವನು ಅಂಗಿಯ ಜೇಬಿನಲ್ಲಿ ಮಲ್ಲಿಗೆ ತಂದಿದ್ದ. ಅತ್ತೆಯ ಮುಂದೆ ಅದನ್ನು ಎತ್ತಿ ಹಿಡಿದು, “ಯಾರರ ನಿಮ್ಮ ಜೇಬಿನ್ಯಾಗ ಮರತು ಇಟ್ಟಾರೇನ್ರಿ?” ಎಂದು ಅವಳು ನಕ್ಕಿದ್ದಳು. ಅತ್ತೆ ಸೆರಗು ಬಾಯಿಗಿಟ್ಟು ನಕ್ಕಿದ್ದರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ಮತ್ತೆ ಮಲ್ಲಿಗೆ ತರಲಿಲ್ಲ. ಅವಳು ಅದನ್ನು ಲೆಕ್ಕಕ್ಕೂ ಇಟ್ಟಿರಲಿಲ್ಲ.

ದೇಸಾಯರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನನ್ನ ಅತ್ಯುತ್ತಮ ಜೋಡಿ ಶಾಂಭವಿಯವರ,” ಎಂದಷ್ಟೇ ಅಂದರು. ಕೆಲಸ ಹೋಗಲಿಲ್ಲ, ಆದರೆ ಪರದೆಗಳ ಕೋಣೆ ಬಿಟ್ಟು ಗೋಕುಲ ರಸ್ತೆಯ ಸಾರ್ವಜನಿಕ ಚಾರ್ಜಿಂಗ್ ಅಂಗಳಕ್ಕೆ ಹೋಗಬೇಕಾಯಿತು. ದಿನವಿಡೀ ಕಂಬದಿಂದ ಕಂಬಕ್ಕೆ ಓಡಾಡಿ ಜನರ ತಕರಾರು ಬಿಡಿಸುವ ಕೆಲಸ. ಸುಳ್ಳು ದೂರಿನಿಂದ ಜೋಡಿ ತಪ್ಪಿದ ಎರಡೂ ಗಾಡಿಗಳಿಗೆ ಹೊಸ ಜೋಡಿ ಹುಡುಕಲು ದೇಸಾಯರು ಯಂತ್ರಕ್ಕೆ ಹೇಳಿದರು. ಈ ನಡುವೆ ಹಾಸ್ಟೆಲ್ಲು ಕೈತಪ್ಪಿ ದಾನೇಶ್ವರಿಯ ದಿನಚರಿ ಬದಲಾಗಿತ್ತು. ಯಂತ್ರ ಅವಳಿಗೆ ಬೇರೊಬ್ಬರನ್ನು ಕೊಟ್ಟಿತು, ಗುರುಸಿದ್ಧನಿಗೆ ಇನ್ನೊಬ್ಬರನ್ನು.

“ಅಕಿಗೆ ಎಂಥವರು ಸಿಕ್ಕಾರ, ನೋಡಬೇಕೇನು?” ಕೊನೆಯ ದಿನ ದೇಸಾಯರು ಕೇಳಿದರು. “ಒಂದ ಸಲ ತೋರಸ್ತೀನಿ.”

ಶಾಂಭವಿಗೆ ನೋಡಬೇಕೆನಿಸಿತು. ಬಹಳ ಅನಿಸಿತು. “ಬ್ಯಾಡ್ರಿ ಸರ್,” ಎಂದು ಚೀಲ ಹೆಗಲಿಗೇರಿಸಿದಳು.

ಅಂಗಳದ ಕೆಲಸ ಕಾಲಿನ ಕೆಲಸ. ಒಂದು ವಾರದಲ್ಲೇ ಅವಳ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತುಬಂತು. ಸಂಜೆ ಕಾಲೆಳೆಯುತ್ತ ಮನೆಗೆ ಬಂದು ಅದನ್ನು ಹೊಸ್ತಿಲ ಹೊರಗೆ ಬಿಟ್ಟಳು. ನಾಳೆ ಹೊಸದು ಕೊಂಡರಾಯಿತು ಎಂದು ಯಾರಿಗೂ ಹೇಳದೆ ಮಲಗಿದಳು.

ಬೆಳಗಿನ ಜಾವ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಹೊರಗೆ ಠಕ್ ಠಕ್ ಎಂಬ ಸಣ್ಣ ಸದ್ದು. ಎದ್ದು ಕಿಟಕಿಯ ಹತ್ತಿರ ಹೋದಳು. ಕಟ್ಟೆಯ ಮೇಲೆ ಗುರುಸಿದ್ಧ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಲಿಫ್ಟಿನ ಸಾಮಾನಿನ ಪೆಟ್ಟಿಗೆ ಬಿಚ್ಚಿ, ತೊಡೆಯ ಮೇಲೆ ಅವಳ ಚಪ್ಪಲಿ ಇಟ್ಟುಕೊಂಡು, ದಪ್ಪ ಸೂಜಿಯಿಂದ ಉಂಗುಟ ಹೊಲಿಯುತ್ತಿದ್ದ. ಹೊಲಿಗೆ ಸೊಟ್ಟಗಿತ್ತು. ನಡುನಡುವೆ ಕಳ್ಳನ ಹಾಗೆ ಬಾಗಿಲ ಕಡೆ ನೋಡುತ್ತಿದ್ದ.

ಒಂದು ಗಳಿಗೆ ಅವಳ ಎದೆ ತುಂಬಿತು. ಮರುಗಳಿಗೆಯೇ ಹಳೆಯ ಕಿಡಿ ಹೊತ್ತಿತು: ಯಾರಿಗೂ ಕಾಣದ ಹಾಗೆ ಉಪಕಾರ ಮಾಡುವ ಈ ಬುದ್ಧಿಯನ್ನು ಎರಡು ವರ್ಷ ನಸುಕಿನಲ್ಲಿ ಇವನಿಗೆ ಕಲಿಸಿದವಳು ಆ ಒಡೆದ ಹಿಮ್ಮಡಿಯವಳು. ಆ ಕಿಡಿ ಆರಲಿಲ್ಲ, ಆರುವುದೆಂದು ಅವಳಿಗೂ ಅನಿಸಲಿಲ್ಲ. ಆದರೆ ಅವಳು ಕಿಟಕಿಯಿಂದ ಸರಿದಳು. ಸದ್ದಾಗದಂತೆ ಹಾಸಿಗೆಗೆ ಬಂದು, ಹೊದಿಕೆ ಎಳೆದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿದಳು. ಅವನು ಒಳಗೆ ಬಂದು ಮಲಗಿ, ನಿದ್ದೆ ಬಂದವನಂತೆ ಉಸಿರು ಬಿಡತೊಡಗುವವರೆಗೂ ಅಲುಗಾಡಲಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಬಸಲಿಂಗವ್ವ ಬಾಗಿಲಲ್ಲಿ ನಿಂತಿದ್ದರು. “ನಿನ್ನ ಚಪ್ಪಲಿ ಹರದಿತ್ತಲ್ಲ ಯವ್ವಾ, ಯಾರು ಹೊಲದ್ರು?”

ಒಳಗೆ ಗುರುಸಿದ್ಧ ಪೇಪರು ಮುಖಕ್ಕೆ ಹಿಡಿದು ಕೂತಿದ್ದ. ಪೇಪರು ಅಲುಗಲಿಲ್ಲ.

“ಹರದಿದ್ದಿಲ್ಲ ಬಿಡ್ರಿ ಅತ್ತಿ,” ಎಂದಳು ಶಾಂಭವಿ. ಸೊಟ್ಟ ಹೊಲಿಗೆ ಹೆಬ್ಬೆರಳಿಗೆ ಒತ್ತುತ್ತಿತ್ತು. ಮೆಟ್ಟಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.